ಫೋರ್ ವೀಲ್ ಡ್ರೈವ್ ಕ್ಲಬ್‌ಗಳ ಹೊಸ ಸದಸ್ಯರ ಪ್ರವಾಸ (ಆಸ್ಟ್ರೇಲಿಯ)

ಹೊಸ ಸದಸ್ಯರ ಪ್ರವಾಸ ಎಂಬುದು ಆಸ್ಟ್ರೇಲಿಯದ ಫೋರ್ ವೀಲ್ ಡ್ರೈವ್ ಕ್ಲಬ್‌ಗಳು ಹೊಸದಾಗಿ ಸೇರಿದವರಿಗಾಗಿ ಏರ್ಪಡಿಸುವ ಒಂದು ದಿನದ ವಾಹನ ಸಂಚಾರ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆಯುವ ವಾಹನವನ್ನು ಮಣ್ಣುದಾರಿ, ಕಡಿದಾದ ಏರು, ಮರಳು ಹಾಗೂ ಹಳ್ಳಗಳಲ್ಲಿ ನಡೆಸುವ ಕ್ರಮವನ್ನು ಅನುಭವಿ ಸದಸ್ಯರ ಮೇಲ್ವಿಚಾರಣೆಯಲ್ಲಿ ಕಲಿಸುವುದು ಇದರ ಉದ್ದೇಶ. ಕನ್ನಡದ ಆಡುಮಾತಿನಲ್ಲಿ ಇಂತಹ ವಾಹನಗಳನ್ನೆಲ್ಲ 'ಜೀಪು' ಎಂದೇ ಕರೆಯುವ ರೂಢಿಯಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಸೇನೆಯ ಹೆಚ್ಚುವರಿ ಜೀಪುಗಳು ಸಾರ್ವಜನಿಕರ ಕೈಸೇರಿದವು. 1948ರಲ್ಲಿ ಲ್ಯಾಂಡ್ ರೋವರ್ ಮಾರುಕಟ್ಟೆಗೆ ಬಂದಿತು. 1949ರಲ್ಲಿ ಆರಂಭವಾದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ದುರ್ಗಮ ಕಾಮಗಾರಿಗಳಲ್ಲಿ ಲ್ಯಾಂಡ್ ರೋವರ್, ಅನಂತರ ಟೊಯೋಟ ಲ್ಯಾಂಡ್ ಕ್ರೂಸರ್ ವಾಹನಗಳು ದುಡಿದು ಹೆಸರು ಗಳಿಸಿದವು. ಕೆಲಸದ ವಾಹನವಾಗಿದ್ದುದು ಕ್ರಮೇಣ ವಿಹಾರದ ವಾಹನವೂ ಆಯಿತು. ಮಾಲೀಕರು ಕ್ಲಬ್‌ಗಳನ್ನು ಕಟ್ಟಿಕೊಂಡರು. ಇಂದು ಕೊಳ್ಳುವವರಲ್ಲಿ ಬಹಳ ಮಂದಿ ನಗರವಾಸಿಗಳು. ವಾಹನದ ಸಾಮರ್ಥ್ಯಕ್ಕೂ ಚಾಲಕನ ಅನುಭವಕ್ಕೂ ಇರುವ ಈ ಅಂತರವೇ ಹೊಸಬರ ಪ್ರವಾಸಕ್ಕೆ ಮುಖ್ಯ ಕಾರಣವೆನ್ನಬಹುದು.

ದಿನದ ಕ್ರಮ

ಬೆಳಿಗ್ಗೆ ಎಲ್ಲರೂ ಗೊತ್ತುಪಡಿಸಿದ ಸ್ಥಳದಲ್ಲಿ ಸೇರುತ್ತಾರೆ. ಪ್ರವಾಸದ ನಾಯಕ ಪ್ರತಿ ವಾಹನದ ಎಳೆಯುವ ಕೊಂಡಿ, ಟೈರು, ಬ್ಯಾಟರಿಯ ಬಿಗಿತ, ಒಳಗಿನ ಸಾಮಾನುಗಳ ಕಟ್ಟು ಇವುಗಳನ್ನು ನೋಡುತ್ತಾನೆ. ವಾಹನಗಳ ನಡುವಿನ ಮಾತುಕತೆ ಯುಎಚ್‌ಎಫ್ ಸಿಬಿ ರೇಡಿಯೊ ಮೂಲಕ ನಡೆಯುತ್ತದೆ. ಇದಕ್ಕೆ ವೈಯಕ್ತಿಕ ಪರವಾನಗಿ ಬೇಕಿಲ್ಲ. ಕ್ಲಬ್‌ಗಳು ರೂಢಿಯಂತೆ 10ನೆಯ ಚಾನೆಲನ್ನು ಬಳಸುತ್ತವೆ. 5 ಮತ್ತು 35ನೆಯ ಚಾನೆಲುಗಳು ತುರ್ತುಸ್ಥಿತಿಗೆ ಮೀಸಲು.

ಸಾಲಿನ ಮುಂದೆ ನಾಯಕನ ವಾಹನ, ಕೊನೆಯಲ್ಲಿ ಇನ್ನೊಬ್ಬ ಅನುಭವಿಯ ವಾಹನ ಇರುತ್ತದೆ. ಕವಲುದಾರಿ ಬಂದಾಗ ಪ್ರತಿಯೊಬ್ಬ ಚಾಲಕನೂ ತನ್ನ ಹಿಂದಿನ ವಾಹನ ತಿರುವನ್ನು ಕಂಡಿತೆಂದು ಖಚಿತವಾಗುವವರೆಗೆ ಕಾಯಬೇಕು. ನಿಯಮ ಸರಳವಾದರೂ, ಮೊಬೈಲ್ ಸಂಪರ್ಕವಿಲ್ಲದ ಕಾಡಿನಲ್ಲಿ ಯಾರೂ ದಾರಿ ತಪ್ಪದಂತೆ ನೋಡಿಕೊಳ್ಳುವುದು ಇದೇ.

ಕಲಿಸುವ ವಿಷಯಗಳು

ಮೊದಲ ಪಾಠ ಟೈರಿನ ಗಾಳಿ ಇಳಿಸುವುದು. ಒತ್ತಡ ಕಡಿಮೆಯಾದಾಗ ನೆಲವನ್ನು ತಾಗುವ ಟೈರಿನ ಭಾಗ ಉದ್ದವಾಗುತ್ತದೆ. ಭಾರ ಹರಡಿ ವಾಹನ ಹೂತುಹೋಗುವ ಸಂಭವ ತಗ್ಗುತ್ತದೆ. ಡಾಂಬರು ರಸ್ತೆಯಲ್ಲಿ ಸುಮಾರು 35 ಪಿಎಸ್‌ಐ ಇರುವುದನ್ನು ಮೆತ್ತನೆಯ ಮರಳಿಗೆ 15ರಿಂದ 18ಕ್ಕೆ ಇಳಿಸುವುದುಂಟು. ಹಾಗೆ ಇಳಿಸಿದ ಮೇಲೆ ವೇಗವನ್ನೂ ತಗ್ಗಿಸಬೇಕು. ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು.

ಲೋ ರೇಂಜ್ ಗಿಯರುಗಳ ಬಳಕೆ ಎರಡನೆಯದು. ಇಳಿಜಾರಿನಲ್ಲಿ ಬ್ರೇಕನ್ನೇ ನೆಚ್ಚದೆ ಎಂಜಿನ್ನಿನ ತಡೆಯಿಂದ ನಿಧಾನವಾಗಿ ಇಳಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ. ಏರಿನ ನಡುವೆ ಎಂಜಿನ್ ನಿಂತರೆ ಮಾಡಬೇಕಾದುದು ಇದಕ್ಕಿಂತ ಮುಖ್ಯ. ವಾಹನವನ್ನು ಅಡ್ಡ ತಿರುಗಿಸುವ ಪ್ರಯತ್ನ ಉರುಳುವುದಕ್ಕೆ ದಾರಿ. ಬ್ರೇಕು ಒತ್ತಿ ಹಿಡಿದು, ರಿವರ್ಸ್ ಗಿಯರಿಗೆ ಹಾಕಿ, ಬಂದ ಜಾಡಿನಲ್ಲೇ ನೇರವಾಗಿ ಹಿಂದಕ್ಕೆ ಇಳಿಯಬೇಕು. ಹೊಸಬರಿಗೆ ಇದು ದಿನದ ಅತ್ಯಂತ ಕಠಿಣ ಅಭ್ಯಾಸ, ಏಕೆಂದರೆ ಸಹಜ ಪ್ರವೃತ್ತಿ ಇದಕ್ಕೆ ವಿರುದ್ಧವಾಗಿ ಕೆಲಸ ಮಾಡುತ್ತದೆ.

ಹಳ್ಳ ದಾಟುವ ಮುನ್ನ ಆಳವನ್ನೂ ತಳವನ್ನೂ ನಡೆದು ಪರೀಕ್ಷಿಸುವುದು ದಕ್ಷಿಣದ ರಾಜ್ಯಗಳ ಪದ್ಧತಿ. ಮೊಸಳೆಗಳಿರುವ ಉತ್ತರದ ನದಿಗಳಲ್ಲಿ ಇದು ಸಲ್ಲದು.

ಹೂತ ವಾಹನದ ಎಳೆತ

ಪ್ರಾಣಾಪಾಯದ ದೃಷ್ಟಿಯಿಂದ ಅತಿ ಎಚ್ಚರದ ಪಾಠ ಇದು. ಹಿಗ್ಗುವ ನೈಲಾನ್ ಪಟ್ಟಿಯಾದ ಸ್ನ್ಯಾಚ್ ಸ್ಟ್ರ್ಯಾಪ್, ಎಳೆಯುವ ವಾಹನದ ಚಲನೆಯ ಶಕ್ತಿಯನ್ನು ತನ್ನಲ್ಲಿ ಶೇಖರಿಸಿಕೊಂಡು ಹೂತ ವಾಹನವನ್ನು ಕಿತ್ತು ತರುತ್ತದೆ. ಅದನ್ನು ಸಿಕ್ಕಿಸಿದ ಜಾಗ ಮುರಿದರೆ ಅದೇ ಶಕ್ತಿ ಮುರಿದ ಲೋಹವನ್ನು ಗುಂಡಿನಂತೆ ಎಸೆಯುತ್ತದೆ. ಟ್ರೇಲರ್ ಎಳೆಯಲು ಇರುವ ಉಂಡೆಗೆ, ಅಂದರೆ ಟೋ ಬಾಲ್‌ಗೆ, ಪಟ್ಟಿ ಸಿಕ್ಕಿಸಿದ್ದರಿಂದ ಆಸ್ಟ್ರೇಲಿಯದಲ್ಲಿ ಸಾವುಗಳು ಸಂಭವಿಸಿವೆ. ಆದ್ದರಿಂದ ಭಾರಮಿತಿ ನಮೂದಿಸಿದ ಕೊಂಡಿ ಹಾಗೂ ಶ್ಯಾಕಲ್‌ಗಳನ್ನು ಮಾತ್ರ ಬಳಸಲು ಬಿಡುತ್ತಾರೆ. ಪಟ್ಟಿಯ ಕನಿಷ್ಠ ತಾಳಿಕೆ, ಎರಡು ವಾಹನಗಳಲ್ಲಿ ಹಗುರವಾದುದರ ಗರಿಷ್ಠ ಒಟ್ಟು ತೂಕದ 2ರಿಂದ 3 ಪಟ್ಟು ಇರಬೇಕು. ಪಟ್ಟಿಯ ಮೇಲೆ ಭಾರದ ಹೊದಿಕೆ ಹಾಸಿ, ನೋಡುಗರನ್ನು ದೂರ ನಿಲ್ಲಿಸಿದ ಮೇಲೆಯೇ ಎಳೆತ. ಅದಕ್ಕೂ ಮೊದಲು ಸಲಿಕೆ ಹಿಡಿದು ಚಕ್ರಗಳ ಮುಂದಿನ ಮಣ್ಣು ತೆಗೆದರೆ ಎಷ್ಟೋ ಸಲ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ.

ಸ್ಥಳಗಳು ಮತ್ತು ನಿಬಂಧನೆಗಳು

ಮೆಲ್ಬರ್ನ್ ಸುತ್ತಲಿನ ಕ್ಲಬ್‌ಗಳಿಗೆ ವೊಂಬ್ಯಾಟ್, ಟುಲಾಂಗಿ ಮುಂತಾದ ಸರ್ಕಾರಿ ಅರಣ್ಯಗಳು ಹತ್ತಿರ. ಮರಳಿನ ಅಭ್ಯಾಸಕ್ಕೆ ನ್ಯೂ ಸೌತ್ ವೇಲ್ಸ್‌ನ ನ್ಯೂಕ್ಯಾಸಲ್ ಸಮೀಪದ ಸ್ಟಾಕ್ಟನ್ ಕಡಲತೀರ ಪ್ರಸಿದ್ಧ. ಸುಮಾರು 32 ಕಿಲೋಮೀಟರ್ ಉದ್ದದ ಈ ತೀರದ ಮರಳುದಿಬ್ಬಗಳು ವೊರಿಮಿ ಮೂಲನಿವಾಸಿಗಳ ಸಂರಕ್ಷಿತ ಭೂಮಿಗೆ ಸೇರಿದ್ದು, ವಾಹನ ಪ್ರವೇಶಕ್ಕೆ ಅನುಮತಿಪತ್ರ ಬೇಕು. ವಿಕ್ಟೋರಿಯದಲ್ಲಿ ದಾರಿಗಳನ್ನು ಹಸಿರು, ನೀಲಿ, ಕಪ್ಪು, ಜೋಡಿ ಕಪ್ಪು ಗುರುತುಗಳಿಂದ ವರ್ಗೀಕರಿಸಲಾಗಿದ್ದು, ಹೊಸಬರಿಗೆ ಮೊದಲೆರಡು ಸಾಕು.

ಒದ್ದೆ ಮಣ್ಣಿನಲ್ಲಿ ಚಕ್ರದ ಕೊರಕಲುಗಳು ಆಳವಾಗಿ ದಾರಿ ಕೆಡುವುದರಿಂದ, ವಿಕ್ಟೋರಿಯದ ಅನೇಕ ಅರಣ್ಯಮಾರ್ಗಗಳನ್ನು ಸಾಮಾನ್ಯವಾಗಿ ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ ಮುಚ್ಚುತ್ತಾರೆ. ಟೈರಿಗೆ ಅಂಟಿದ ಕೆಸರಿನ ಮೂಲಕ ಫೈಟಾಫ್ತೊರಾ ಸಿನಮೋಮಿ ಎಂಬ ಬೇರುಕೊಳೆ ರೋಗಾಣು ಹರಡಿ ಸ್ಥಳೀಯ ಗಿಡಮರಗಳನ್ನು ಒಣಗಿಸುವುದರಿಂದ, ಒಂದು ಅರಣ್ಯದಿಂದ ಇನ್ನೊಂದಕ್ಕೆ ಹೋಗುವ ಮುನ್ನ ವಾಹನದ ತಳಭಾಗ ತೊಳೆಯಬೇಕೆಂಬ ಸೂಚನೆಯಿದೆ. ಸಂಜೆ ಡಾಂಬರು ರಸ್ತೆಗೆ ಮರಳುವ ಜಾಗದಲ್ಲಿ ಟೈರುಗಳಿಗೆ ಮತ್ತೆ ಗಾಳಿ ತುಂಬಿ, ಫೋರ್ ವೀಲ್ ಡ್ರೈವ್ ಬಿಡಿಸಿ, ಹಾಜರಿ ನೋಡಿಕೊಂಡ ಮೇಲೆ ಸಾಲು ಚದುರುತ್ತದೆ.