ಹೊನ್ನಿಗೆ ಹಾಗ: ಹಾಸನ ಸೀಮೆಯಲ್ಲಿ ಲೆಕ್ಕದ ಅಭ್ಯಾಸ ನಡೆದುಬಂದ ಬಗೆ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ 144 ಇತ್ತು, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಆವೃತ್ತಿಯಲ್ಲಿ ಅದು 500ಕ್ಕೂ, 1973ರ ಆವೃತ್ತಿಯಲ್ಲಿ 573ಕ್ಕೂ ಏರಿತು. ಈ ಶಾಸನಗಳನ್ನು ಧರ್ಮದ ಇತಿಹಾಸಕ್ಕಾಗಿ, ರಾಜವಂಶಗಳ ಕಾಲನಿರ್ಣಯಕ್ಕಾಗಿ, ಕನ್ನಡ ಭಾಷೆಯ ಬೆಳವಣಿಗೆಗಾಗಿ ವಿದ್ವಾಂಸರು ಓದುತ್ತ ಬಂದಿದ್ದಾರೆ. ಆದರೆ ಅವುಗಳ ನಡುವೆ, ಸಲ್ಲೇಖನದ (ಉಪವಾಸದಿಂದ ದೇಹ ಬಿಡುವ ಜೈನ ವ್ರತದ) ಮತ್ತು ಯಾತ್ರಿಕರ ಬರಹಗಳ ಮಗ್ಗುಲಲ್ಲೇ, ಶುದ್ಧ ಲೆಕ್ಕಪತ್ರಗಳೆಂದು ಕರೆಯಬಹುದಾದ ಕೆಲವು ಸಣ್ಣ ಶಾಸನಗಳಿವೆ. ಇಂತಿಷ್ಟು ಗದ್ಯಾಣ ಇಡುಗಂಟು, ಇಂತಿಷ್ಟು ಬಡ್ಡಿಯ ದರ, ಆ ಬಡ್ಡಿಯಿಂದ ಗೊಮ್ಮಟನ ಅಭಿಷೇಕಕ್ಕೆ ದಿನಕ್ಕೆ ಇಂತಿಷ್ಟು ಹಾಲು ಎಂಬುದಷ್ಟೇ ಅವುಗಳ ಸಾರ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಲೆಕ್ಕದ ವಿದ್ಯೆ ಹೇಗೆ ಹುಟ್ಟಿತು, ಯಾರ ಕೈಯಲ್ಲಿ ಉಳಿಯಿತು, ಹೇಗೆ ಕಲಿಸಲ್ಪಟ್ಟಿತು ಎಂಬುದನ್ನು ಬರೆಯಹೊರಟವರು ಈ ಸಣ್ಣ ಶಾಸನಗಳಿಂದಲೇ ತೊಡಗಬೇಕಾಗುತ್ತದೆ.

ಹೊಯ್ಸಳರ ಕಾಲದ ನಾಣ್ಯ ವ್ಯವಸ್ಥೆಯಲ್ಲಿ ಗದ್ಯಾಣ ಅಥವಾ ಹೊನ್ನು ಎಂಬುದು ಚಿನ್ನದ ದೊಡ್ಡ ನಾಣ್ಯ; ಅದರ ಹತ್ತನೆಯ ಒಂದು ಭಾಗ ಹಣ; ಹಣದ ಕಾಲು ಭಾಗ ಹಾಗ; ಹಣದ ಹದಿನಾರನೆಯ ಒಂದು ಭಾಗ ವೀಸ. ಹದಿಮೂರನೆಯ ಶತಮಾನದ ಬೆಳಗೊಳದ ದತ್ತಿಗಳಲ್ಲಿ ಕಾಣುವ ಬಡ್ಡಿಯ ದರ ಒಂದು ಹೊನ್ನಿಗೆ ತಿಂಗಳಿಗೆ ಒಂದು ಹಾಗ. ಒಂದು ಹೊನ್ನಿಗೆ ನಲವತ್ತು ಹಾಗಗಳಾದ್ದರಿಂದ ಇದು ತಿಂಗಳಿಗೆ ನೂರಕ್ಕೆ ಎರಡೂವರೆ, ವರ್ಷಕ್ಕೆ ಮೂವತ್ತು ಆಗುತ್ತದೆ. ನಾಲ್ಕು ಗದ್ಯಾಣವನ್ನು ಇಡುಗಂಟಾಗಿ ಇಟ್ಟವನಿಗೆ ತಿಂಗಳಿಗೆ ನಾಲ್ಕು ಹಾಗ, ಅಂದರೆ ಸರಿಯಾಗಿ ಒಂದು ಹಣ ಹುಟ್ಟುತ್ತದೆ. ದಿನಕ್ಕೆ ಮೂರು ಮಾನ ಹಾಲು ಸಲ್ಲಬೇಕೆಂದಿದ್ದರೆ ತಿಂಗಳಿನ ತೊಂಬತ್ತು ಮಾನದ ಬೆಲೆ ಆ ಒಂದು ಹಣದೊಳಗೇ ಮುಗಿಯಬೇಕು. ಮೂಲಧನಕ್ಕೆ ಕೈಹಾಕುವಂತಿಲ್ಲ, ಏಕೆಂದರೆ ದತ್ತಿ ಚಂದ್ರಸೂರ್ಯರಿರುವವರೆಗೆ ನಡೆಯಬೇಕೆಂದು ಕಲ್ಲಿನ ಮೇಲೆ ಬರೆದಾಗಿದೆ.

ಇಲ್ಲಿ ದಾನಿಯ ಮುಂದಿದ್ದ ನಿಜವಾದ ಪ್ರಶ್ನೆ ತಲೆಕೆಳಗಾದದ್ದು ಎಂಬುದನ್ನು ಗಮನಿಸಬೇಕು. ಇಷ್ಟು ಅಸಲಿಗೆ ಬಡ್ಡಿಯೆಷ್ಟು ಎಂದಲ್ಲ, ಇಷ್ಟು ಹಾಲು ಎಂದೆಂದಿಗೂ ಸಲ್ಲಬೇಕಾದರೆ ಈಗ ಎಷ್ಟು ಅಸಲು ಇಡಬೇಕು ಎಂಬುದನ್ನು ಅವನು, ಅಥವಾ ಅವನ ಪರವಾಗಿ ಲೆಕ್ಕ ಹಾಕಿದವನು, ಕಂಡುಕೊಳ್ಳಬೇಕಿತ್ತು. ಕೊನೆಯಿಲ್ಲದೆ ಬರುವ ವಾರ್ಷಿಕ ಮೊತ್ತವನ್ನು ಬಡ್ಡಿಯ ದರದಿಂದ ಭಾಗಿಸಿದರೆ ಅದರ ಇಂದಿನ ಬೆಲೆ ಸಿಗುತ್ತದೆ ಎಂದು ಇಂದಿನ ಹಣಕಾಸಿನ ಪಠ್ಯಪುಸ್ತಕಗಳು ಹೇಳುವ ಸೂತ್ರ ಇದೇ. ಹಾಲಿನ ಧಾರಣೆ ಏರಿದರೆ ದತ್ತಿ ಸೊರಗುತ್ತದೆ, ಹಣ ಪಡೆದವರು ಬಡ್ಡಿ ತಪ್ಪಿಸಿದರೆ ಅಭಿಷೇಕ ನಿಲ್ಲುತ್ತದೆ ಎಂಬ ಎರಡು ಅಪಾಯಗಳೂ ಅವರಿಗೆ ತಿಳಿದಿದ್ದುವು. ಆದುದರಿಂದಲೇ ಇಂಥ ಹಣವನ್ನು ಒಬ್ಬ ವ್ಯಕ್ತಿಯ ಕೈಗಿಡದೆ ವರ್ತಕರ ಸಂಘಕ್ಕೆ ಒಪ್ಪಿಸುವ ರೂಢಿ ಬೆಳೆಯಿತು. ನಖರ ಅಥವಾ ನಗರ ಎಂಬ ವರ್ತಕ ಸಂಘಕ್ಕೆ ಸೇರಿದ ಬೆಳಗೊಳದ ನಖರರು, ರತ್ನದ ವ್ಯಾಪಾರಿಗಳಾದ ಮಾಣಿಕ್ಯ ನಖರರು ಇಂಥ ಧರ್ಮಗಳಿಗೆ ಹೊಣೆಯಾಗಿ ನಿಂತವರು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಪಟ್ಟಣಸ್ವಾಮಿ ನಾಗದೇವನು ಕಟ್ಟಿಸಿದ ನಗರ ಜಿನಾಲಯಕ್ಕೆ ಆ ಹೆಸರು ಬಂದದ್ದೂ ಈ ವರ್ತಕರಿಂದಲೇ. ಅದಕ್ಕೂ ಮೊದಲು, 1159ರಲ್ಲಿ, ಅದೇ ಊರಿನಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದ ಹುಳ್ಳನು ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ, ಅಂದರೆ ಬೊಕ್ಕಸದ ಅಧಿಕಾರಿ. ಜನ ಅದನ್ನು ಇಂದಿಗೂ ಭಂಡಾರಿ ಬಸದಿ ಎಂದೇ ಕರೆಯುತ್ತಾರೆ. ರಾಜ್ಯದ ಆಯವ್ಯಯವನ್ನು ನೋಡುತ್ತಿದ್ದವನ ಉದ್ಯೋಗವೇ ದೇವಾಲಯವೊಂದರ ಹೆಸರಾಗಿ ನಿಂತ ಇಂಥ ನಿದರ್ಶನ ಕರ್ನಾಟಕದಲ್ಲಿ ಅಪರೂಪವಾದದ್ದು.

ಈ ಲೆಕ್ಕಗಳನ್ನು ಹಾಕುವವರು ಎಲ್ಲಿ ಕಲಿತರು ಎಂಬ ಪ್ರಶ್ನೆಗೆ ಆ ಕಾಲದ ಗಣಿತ ಗ್ರಂಥಗಳು ಸ್ವಲ್ಪಮಟ್ಟಿನ ಉತ್ತರ ಕೊಡುತ್ತವೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು ಅಸಲು, ಬಡ್ಡಿ, ಕಾಲಗಳ ಸಂಬಂಧವನ್ನು ಕುರಿತ ಸಮಸ್ಯೆಗಳಿಗೆ ವಿಸ್ತಾರವಾದ ಜಾಗ ಕೊಟ್ಟಿತ್ತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದು, ಸೂತ್ರವನ್ನು ಪದ್ಯದಲ್ಲೂ ವಿವರಣೆಯನ್ನು ಗದ್ಯದಲ್ಲೂ ಇಟ್ಟು, ಪ್ರತಿ ಸೂತ್ರಕ್ಕೂ ಉದಾಹರಣೆಗಳನ್ನು ಜೋಡಿಸಿದನು. ಕನ್ನಡದ ಮೊದಲ ಗಣಿತ ಗ್ರಂಥವೆಂದು ಹೆಸರಾದ ಈ ಕೃತಿ ಅಭ್ಯಾಸದಿಂದಲೇ ವಿದ್ಯೆ ಕೈಗೂಡುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದರಲ್ಲಿ ಬರುವ ತ್ರೈರಾಶಿಕವೆಂದರೆ ತಿಳಿದ ಮೂರು ರಾಶಿಗಳಿಂದ ನಾಲ್ಕನೆಯದನ್ನು ಕಾಣುವ ಕ್ರಮ. ಪಂಚರಾಶಿಕವೆಂದರೆ ಐದು ರಾಶಿಗಳಿಂದ ಆರನೆಯದನ್ನು ಕಾಣುವುದು. ನೂರು ಹೊನ್ನಿಗೆ ತಿಂಗಳಿಗೆ ಎರಡು ಹೊನ್ನು ಬಡ್ಡಿಯಾದರೆ ಅರವತ್ತು ಹೊನ್ನಿಗೆ ಏಳು ತಿಂಗಳಲ್ಲಿ ಎಷ್ಟು ಎಂದು ಕೇಳಿದರೆ, ಎರಡನ್ನು ಅರವತ್ತರಿಂದಲೂ ಏಳರಿಂದಲೂ ಗುಣಿಸಿ ನೂರರಿಂದ ಭಾಗಿಸಿ, ಎಂಟು ಹೊನ್ನು ನಾಲ್ಕು ಹಣ ಎಂದು ಹೇಳುವುದು ಪಂಚರಾಶಿಕದ ಸರಳ ರೂಪ. ಇಟಲಿಯಲ್ಲಿ ಪೀಸಾದ ಲಿಯೊನಾರ್ಡೊ ವರ್ತಕರ ಲೆಕ್ಕಗಳನ್ನು ಕೂಡಿಸಿ ಗ್ರಂಥ ಬರೆದದ್ದು 1202ರಲ್ಲಿ. ಜೋಡಿ ನಮೂದಿನ ಲೆಕ್ಕವನ್ನು, ಅಂದರೆ ಪ್ರತಿ ವ್ಯವಹಾರವನ್ನೂ ಕೊಟ್ಟದ್ದು ಮತ್ತು ಪಡೆದದ್ದು ಎಂದು ಎರಡು ಕಡೆ ಬರೆಯುವ ಪದ್ಧತಿಯನ್ನು, ಲೂಕಾ ಪಾಚೋಲಿ ಅಚ್ಚಿನಲ್ಲಿ ವಿವರಿಸಿದ್ದು 1494ರಲ್ಲಿ. ಕನ್ನಡ ನಾಡು ಎರಡನೆಯದನ್ನು ತಡವಾಗಿ ಎರವಲು ಪಡೆಯಿತಾದರೂ, ವರ್ತಕನ ಲೆಕ್ಕವನ್ನು ದೇಶಭಾಷೆಯ ಗ್ರಂಥವಾಗಿಸುವ ಕೆಲಸವನ್ನು ತಾನಾಗಿಯೇ ಬಹಳ ಮುಂಚೆ ಮಾಡಿತ್ತು.

ಗ್ರಂಥಸ್ಥವಾದ ಈ ವಿದ್ಯೆ ಹಳ್ಳಿಗೆ ಇಳಿದದ್ದು ಸೇನಬೋವನ ಮೂಲಕ. ಶಾಸನಗಳಲ್ಲಿ ಸೇನಬೋವನೆಂದು ಕಾಣಿಸಿಕೊಳ್ಳುವ ಊರ ಲೆಕ್ಕಿಗನೇ ಮುಂದೆ ಶಾನುಭೋಗನಾದನು. ಅವನ ಕೆಲಸ ವಂಶಪಾರಂಪರ್ಯವಾಗಿ ಸಾಗಿತು. ಅವನ ಸಲಕರಣೆಗಳಲ್ಲಿ ಮುಖ್ಯವಾದದ್ದು ಕಡತ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಇದನ್ನು ವರ್ಣಿಸಿದ್ದಾನೆ: ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಬದಿ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು, ಒಣಗಿಸಿ, ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ಕೊನೆಗೂ ಬಣ್ಣದ ಮರದ ಹಲಗೆ ಸೇರಿಸಿದರೆ ಕಡತ ಸಿದ್ಧ. ಆ ಕಪ್ಪು ಮೈಯ ಮೇಲೆ ಬಳಪದಿಂದ ಬೆಳ್ಳಗೆ ಬರೆದು, ಬೇಡವಾದಾಗ ಅಳಿಸಿ, ಮತ್ತೆ ಬರೆಯಬಹುದಿತ್ತು. ಲೆಕ್ಕ ಕಲಿಯುವ ಹುಡುಗನ ಕೈಗೆ ಇಂಥ ಸಾಧನ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ತಪ್ಪಿದರೆ ಓಲೆಯೂ ಹಾಳಾಗದು, ಕಾಗದವೂ ವ್ಯರ್ಥವಾಗದು, ಒಂದೇ ಲೆಕ್ಕವನ್ನು ಸರಿಹೋಗುವತನಕ ಹತ್ತು ಸಲ ಮಾಡಬಹುದು.

ಶಾನುಭೋಗರ ಮನೆಯ ಹುಡುಗನ ಆರಂಭದ ಪಾಠ ಮಾತ್ರ ಕೂಲಿ ಮಠದಲ್ಲೇ ನಡೆಯುತ್ತಿತ್ತು. ಐಗಳು ಊರಿನವರಿಂದ ದವಸವನ್ನೋ ಕಾಸನ್ನೋ ಪಡೆದು ನಡೆಸುತ್ತಿದ್ದ ಈ ಶಾಲೆಗಳಲ್ಲಿ ಅಕ್ಷರವನ್ನು ಮರಳಿನ ಮೇಲೆ ತಿದ್ದಿಸುತ್ತಿದ್ದರು, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಪೂರ್ಣಾಂಕಗಳ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲು, ಒಂದೂಕಾಲು, ಒಂದೂವರೆಗಳ ಮಗ್ಗಿಯನ್ನೂ ಒಪ್ಪಿಸಬೇಕಾಗಿದ್ದುದರ ಕಾರಣವನ್ನು ಅಂದಿನ ಅಳತೆಗಳಲ್ಲಿ ಹುಡುಕಬೇಕು. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂಬ ದವಸದ ಅಳತೆಗಳಲ್ಲಿ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಹತ್ತರ ಲೆಕ್ಕಕ್ಕೆ ಒಗ್ಗದ ಈ ಅಳತೆಗಳ ನಡುವೆ ವ್ಯವಹರಿಸುವವನಿಗೆ ಭಿನ್ನರಾಶಿಯೇ ದಿನನಿತ್ಯದ ಸಂಖ್ಯೆಯಾಗಿತ್ತು. ಸಂತೆಯಲ್ಲಿ ನಿಂತಲ್ಲೇ ಬಾಯಿಲೆಕ್ಕ ಹಾಕಿ ಬೆಲೆ ಹೇಳುತ್ತಿದ್ದ ಹಳಬರ ಚುರುಕಿಗೆ ಈ ಕಾಲು ಅರೆ ಮುಕ್ಕಾಲಿನ ಮಗ್ಗಿಯೇ ಬುನಾದಿ. ಅದನ್ನು ಬುದ್ಧಿಗೆ ಕೆಲಸ ಕೊಡದ ಉರುಹೊಡೆಯುವಿಕೆ ಎಂದು ತಳ್ಳಿಹಾಕುವುದು ಸರಿಯಾದ ತೀರ್ಮಾನವಲ್ಲ.

1863ರಲ್ಲಿ ಮುಂಬಯಿ ಪದ್ಧತಿಯನ್ನು ಅನುಸರಿಸಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದಾಗ ಈ ಅಭ್ಯಾಸಕ್ಕೆ ಹೊಸ ವಸ್ತು ಬಂತು. ಅಲ್ಲಿಯವರೆಗೆ ಭೂಮಿಯ ವಿಸ್ತಾರವನ್ನು ಬೀಜವರಿಯಿಂದ, ಅಂದರೆ ಬಿತ್ತನೆಗೆ ಬೇಕಾದ ಬೀಜದ ಪ್ರಮಾಣದಿಂದ ಹೇಳುತ್ತಿದ್ದರು. ಸರ್ವೆಯ ನಂತರ ಮೂವತ್ತಮೂರು ಅಡಿ ಸರಪಳಿಯ ಚೌಕ ಒಂದು ಗುಂಟೆಯೆಂದೂ ನಲವತ್ತು ಗುಂಟೆ ಒಂದು ಎಕರೆಯೆಂದೂ ನಿಗದಿಯಾಯಿತು. ಹೇಮಾವತಿಯ ಶ್ರೀರಾಮದೇವರ ಕಟ್ಟೆಯಿಂದ ನೀರುಣ್ಣುವ ಹೊಳೆನರಸೀಪುರದ ಗದ್ದೆಗಳೂ, ಕಾವೇರಿಯ ಕಟ್ಟೇಪುರ ಅಣೆಯ ನಾಲೆಗಳಿಗೆ ಸೇರಿದ ಅರಕಲಗೂಡಿನ ಗದ್ದೆಗಳೂ ತರಿ. ಚನ್ನರಾಯಪಟ್ಟಣದ ರಾಗಿ ಹೊಲಗಳು ಖುಷ್ಕಿ. ತೆಂಗು ಅಡಿಕೆಯ ತೋಟಗಳು ಬಾಗಾಯ್ತು. ಒಂದೊಂದಕ್ಕೂ ಬೇರೆ ಬೇರೆ ದರ. ಎರಡು ಎಕರೆ ಹದಿನೈದು ಗುಂಟೆ ಖುಷ್ಕಿಗೆ ಎಕರೆಗೆ ಒಂದು ರೂಪಾಯಿ ಆರಾಣೆ ದರವೆಂದಿಟ್ಟುಕೊಂಡರೆ, ತೊಂಬತ್ತೈದು ಗುಂಟೆಯನ್ನು ಇಪ್ಪತ್ತೆರಡು ಆಣೆಯಿಂದ ಗುಣಿಸಿ ನಲವತ್ತರಿಂದ ಭಾಗಿಸಬೇಕು. ಬರುವ ಐವತ್ತೆರಡೂಕಾಲು ಆಣೆಯನ್ನು ಮೂರು ರೂಪಾಯಿ ನಾಲ್ಕು ಆಣೆ ಮೂರು ಪೈ ಎಂದು ಬರೆಯಬೇಕು. ಊರಿನ ಪ್ರತಿ ಹಿಡುವಳಿಗೂ ಹೀಗೆ ಲೆಕ್ಕ ಕಟ್ಟಿ, ದಿನದ ವಸೂಲಿಯನ್ನು ಖಿರ್ದಿಯಲ್ಲೂ ರೈತರವಾರು ಮೊತ್ತವನ್ನು ಖಾತೆಯಲ್ಲೂ ಏರಿಸಿ, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಬೇಡಿಕೆ, ವಸೂಲಿ, ಬಾಕಿಗಳು ಒಂದಕ್ಕೊಂದು ತಾಳೆಯಾಗುವಂತೆ ಮೇಲಧಿಕಾರಿಗಳ ಮುಂದಿಡಬೇಕಿತ್ತು. ಖಿರ್ದಿಯ ಒಟ್ಟು ಖಾತೆಯ ಒಟ್ಟಿಗೆ ಹೊಂದಲೇಬೇಕೆಂಬ ಈ ನಿಯಮ, ಜೋಡಿ ನಮೂದಿನ ಪದ್ಧತಿಯ ಹೆಸರನ್ನೇ ಕೇಳದ ಹಳ್ಳಿಯಲ್ಲಿ ತಾಳೆ ನೋಡುವ ಶಿಸ್ತನ್ನು ತಲೆಮಾರುಗಳ ಕಾಲ ಕಲಿಸಿತು.

ಈ ಶಿಸ್ತಿನ ಇನ್ನೊಂದು ಮುಖವನ್ನು ಮರೆಮಾಚಬಾರದು. ಲೆಕ್ಕ ಬಲ್ಲವನು ಒಬ್ಬನೇ ಆಗಿದ್ದ ಊರಿನಲ್ಲಿ, ತನ್ನ ಬಾಕಿ ಎಷ್ಟೆಂಬುದನ್ನು ರೈತ ಅವನ ಬಾಯಿಂದಲೇ ಕೇಳಬೇಕಿತ್ತು. ಗುಣಾಕಾರ ಬಾರದವನು ರಸೀತಿಯನ್ನು ಪ್ರಶ್ನಿಸುವುದಾದರೂ ಹೇಗೆ? ವಿದ್ಯೆ ಕೆಲವೇ ಮನೆಗಳ ಸೊತ್ತಾಗಿ, ಬಹುಪಾಲು ಜಾತಿಗಳಿಗೂ ಹೆಣ್ಣುಮಕ್ಕಳಿಗೂ ದೂರವಾಗಿದ್ದುದು ಈ ಚರಿತ್ರೆಯ ದೊಡ್ಡ ಅನ್ಯಾಯ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ಗೃಹಭಂಗ ಕಾದಂಬರಿಯಲ್ಲಿ ಶಾನುಭೋಗಿಕೆಯ ಹಕ್ಕು ಗಂಡನದು, ಲೆಕ್ಕ ಬರೆಯುವ ಸಾಮರ್ಥ್ಯ ಮತ್ತು ದುಡಿಮೆ ಹೆಂಡತಿ ನಂಜಮ್ಮನದು. ವಂಶದ ಹಕ್ಕಿಗೂ ಕಲಿತ ವಿದ್ಯೆಗೂ ನಡುವೆ ಇದ್ದ ಅಂತರವನ್ನು ಯಾವ ಸರ್ಕಾರಿ ವರದಿಯೂ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಟ್ಟಿಲ್ಲ.

ಆ ಹಕ್ಕು ಕಾನೂನಿನಿಂದ ಕೊನೆಗೊಂಡದ್ದು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮ 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಅದಕ್ಕೆ ಸ್ವಲ್ಪ ಮೊದಲು, 1957ರ ಏಪ್ರಿಲ್ 1ರಂದು, ರೂಪಾಯಿ ನೂರು ಪೈಸೆಗಳಾಗಿ ಆಣೆ ಪೈಗಳ ಲೆಕ್ಕ ಮುಗಿದಿತ್ತು. ಸೇರು ಕೊಳಗಗಳು ಕಿಲೋಗ್ರಾಂ ಲೀಟರುಗಳಿಗೆ ಎಡೆ ಕೊಟ್ಟವು. ಕಾಲು ಅರೆ ಮುಕ್ಕಾಲಿನ ಮಗ್ಗಿ ಶಾಲೆಯಿಂದ ಸದ್ದಿಲ್ಲದೆ ಮರೆಯಾಯಿತು. ಲೆಕ್ಕ ಬರೆಯುವ ಕೆಲಸ ಕಡಿಮೆಯಾಗಲಿಲ್ಲ, ಹರಡಿತು: ಸಹಕಾರ ಸಂಘಗಳ ಕಾರ್ಯದರ್ಶಿಗಳು, ಹಾಲಿನ ಡೇರಿಗಳಲ್ಲಿ ಕೊಬ್ಬಿನ ಅಂಶಕ್ಕೆ ತಕ್ಕಂತೆ ದರ ಕಟ್ಟುವವರು, ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ಬೇಲುಗಳನ್ನು ತರುವ ಅರಕಲಗೂಡಿನ ಬೆಳೆಗಾರರು, ಹಾಸನದ ಆಲೂಗಡ್ಡೆ ವರ್ತಕರು ಎಲ್ಲರೂ ದಿನವೂ ಲೆಕ್ಕದೊಡನೆ ಬದುಕುತ್ತಾರೆ. ನಾಲ್ಕೂ ಪಟ್ಟಣಗಳ ಕಾಲೇಜುಗಳ ವಾಣಿಜ್ಯ ತರಗತಿಗಳಲ್ಲಿ, ಶಾನುಭೋಗಿಕೆಯ ಕಾಲದಲ್ಲಿ ಕಡತವನ್ನು ಮುಟ್ಟಲೂ ಅವಕಾಶವಿಲ್ಲದಿದ್ದ ಮನೆತನಗಳ ಹುಡುಗ ಹುಡುಗಿಯರು ಅಂತಿಮ ಲೆಕ್ಕಪತ್ರ, ಸವಕಳಿ, ಪಾಲುದಾರಿಕೆಯ ಹೊಂದಾಣಿಕೆಗಳನ್ನು ಅಭ್ಯಾಸ ಮಾಡುತ್ತಿದ್ದಾರೆ. ಎಂಟು ಶತಮಾನಗಳ ಈ ಕಥೆಯಲ್ಲಿ ಅತ್ಯಂತ ಹಿಗ್ಗಿನ ಸಂಗತಿ ಇದು.

ಆದರೆ ಅವರ ಪಠ್ಯದ ಲೆಕ್ಕಗಳಲ್ಲಿ ತಮ್ಮ ನೆಲದ ಸುಳಿವಿಲ್ಲ. ಬೆಳಗೊಳದ ಹಾಲಿನ ದತ್ತಿಗಿಂತ ಶಾಶ್ವತ ನಿಧಿಯ ಪಾಠಕ್ಕೆ ಉತ್ತಮವಾದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಜಮಾಬಂದಿಯ ತಾಳೆಗಿಂತ ಆಸ್ತಿ-ಹೊಣೆಗಳ ತಃಖ್ತೆಯ ಹೊಂದಾಣಿಕೆಗೆ ಹತ್ತಿರವಾದ ಪಾಠವಿಲ್ಲ. ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳ ಅಟ್ಟಗಳಲ್ಲಿ ಕಡತಗಳೋ ಖಿರ್ದಿ ಪುಸ್ತಕಗಳೋ ಉಳಿದಿದ್ದರೆ ಮನೆಯವರು ಅವನ್ನು ರದ್ದಿಗೆ ಹಾಕದೆ ರಾಜ್ಯ ಪತ್ರಾಗಾರಕ್ಕೋ ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೋ ಒಪ್ಪಿಸಬೇಕು. ವಾಣಿಜ್ಯ ಅಧ್ಯಾಪಕರು ಅವುಗಳಿಂದ ಒಂದೆರಡು ಪುಟಗಳನ್ನು ಆರಿಸಿ ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಬೇಕು.