ಗುಂಡಿ ಒತ್ತಿದರೂ ನಿಲ್ಲದ ಪಂಪು

ನನ್ನ ಮೊದಲ ‘ಪ್ರೊಡಕ್ಷನ್ ಬಗ್’ ಆಗಿದ್ದು ಬೆಂಗಳೂರಿನ ಯಾವ ಸರ್ವರ್‌ನಲ್ಲೂ ಅಲ್ಲ, ಖಾನಾಪುರ ತಾಲೂಕಿನ ನಮ್ಮ ಹೊಲದ ಬಾವಿಯ ದಂಡೆ ಮೇಲೆ. ಅದಕ್ಕೆ ಬಲಿಯಾಗಿದ್ದು ಅಪ್ಪನ ಪಂಪ್‌ಸೆಟ್ಟು.

ಆಗ ನಾನು ಬೆಳಗಾವಿಯಲ್ಲಿ ಬಿಇ ಕೊನೆಯ ವರ್ಷ. ಪ್ರಾಜೆಕ್ಟಿಗೆ ಎಲ್ಲರ ಹಾಗೆ ನಾನೂ 8051 ಹಿಡಿದೆ. ಇಂಟೆಲ್ 1980ರಲ್ಲಿ ತಂದ ಈ ಪುಟ್ಟ ಚಿಪ್ ನಮ್ಮ ಕಾಲೇಜುಗಳ ಲ್ಯಾಬ್‌ಗಳಲ್ಲಿ ಆಗಲೂ ಗಟ್ಟಿಮುಟ್ಟಾಗಿತ್ತು. ರಾತ್ರಿ ಕರೆಂಟು ಬಂದಾಗ ಅಪ್ಪ ಎದ್ದು ಹೋಗೋದು ತಪ್ಪಲಿ ಅಂತ ಟೈಮರ್ ಸ್ಟಾರ್ಟರ್ ಮಾಡಿದೆ. ಸಿ ಪ್ರೋಗ್ರಾಂ ನಾಲ್ಕೇ ಹೆಜ್ಜೆ: ರಿಲೇ ಆನ್ ಮಾಡು, 40 ನಿಮಿಷ ಡಿಲೇ, ರಿಲೇ ಆಫ್ ಮಾಡು, ಸ್ಟಾಪ್ ಗುಂಡಿ ಒತ್ತಿದ್ದಾರಾ ನೋಡು. ಡೆಮೋದಲ್ಲಿ ಡಿಲೇ 10 ಸೆಕೆಂಡ್ ಇಟ್ಟಿದ್ದೆ, ಎಲ್ಲ ಸರಿಯಾಗೇ ನಡೆಯಿತು.

ಬೇಸಿಗೆಯ ಒಂದು ದಿನ ಬಾವಿ ನೀರು ತಳ ಹತ್ತಿತು. ಪಂಪಿನ ಸದ್ದು ಬದಲಾದದ್ದು ಅಪ್ಪನ ಕಿವಿಗೆ ತಕ್ಷಣ ಗೊತ್ತಾಗಿದೆ. ಗುಂಡಿ ಒತ್ತಿದ್ದಾರೆ, ಮತ್ತೆ ಮತ್ತೆ ಒತ್ತಿದ್ದಾರೆ. ಮೇನ್ ಸ್ವಿಚ್ ಇದ್ದದ್ದು ಹೊಲದ ಆ ತುದಿಯಲ್ಲಿ. ಅಲ್ಲಿಗೆ ಓಡುವಷ್ಟರಲ್ಲಿ ಮೋಟರ್ ಸುಟ್ಟಿತ್ತು. ಸಂಜೆ ಫೋನಿನಲ್ಲಿ ಅಂದದ್ದು ಇಷ್ಟೇ: “ಲೇ, ನಿನ್ನ ಮಿಷನ್ ಹೇಳಿದ್ದು ಕೇಳವಲ್ದಲ್ಲೋ!”

ನಿಜ, ಅದು ಕೇಳುತ್ತಿರಲಿಲ್ಲ. ಡಿಲೇ ಅಂದರೆ ವಿಶ್ರಾಂತಿ ಅಲ್ಲ. ಚಿಪ್ ಒಂದು ಲೂಪಿನೊಳಗೆ ಸುಮ್ಮನೆ ಎಣಿಸುತ್ತಾ ಕೂತಿರುತ್ತದೆ. ಎಣಿಕೆ ಮುಗಿಯುವವರೆಗೆ ಗುಂಡಿ ಇರುವ ಕಡೆ ತಿರುಗಿಯೂ ನೋಡುವುದಿಲ್ಲ.

ಈ ಕಿವುಡುತನ ನನ್ನೊಬ್ಬನ ತಪ್ಪಲ್ಲ, ಕಂಪ್ಯೂಟರಿನ ಹುಟ್ಟುಗುಣ. ಮೊದಲ ಯಂತ್ರಗಳು ಹಿಡಿದ ಕೆಲಸ ಬಿಟ್ಟು ಕತ್ತೆತ್ತುತ್ತಿರಲಿಲ್ಲ. 1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಕಟ್ಟಿದ ‘ಡೈಸಿಯಾಕ್’, ಹೊರಗಿನ ಸಾಧನ ಕರೆದರೆ ಕೆಲಸ ನಿಲ್ಲಿಸಿ ಓಗೊಡುವುದನ್ನು ಕಲಿತ ಮೊದಮೊದಲ ಯಂತ್ರಗಳಲ್ಲಿ ಒಂದು. ಇದಕ್ಕೇ ಇಂಟರಪ್ಟ್ ಅನ್ನುವುದು. ನೆದರ್‌ಲ್ಯಾಂಡ್ಸ್‌ನಲ್ಲಿ ಲೂಪ್‌ಸ್ಟ್ರಾ ಮತ್ತು ಸ್ಕಾಲ್ಟೆನ್ ತಮ್ಮ ಎಕ್ಸ್-1 ಯಂತ್ರಕ್ಕೆ ಇದನ್ನು ಸೇರಿಸೋಣ ಅಂದಾಗ ಡೈಕ್‌ಸ್ಟ್ರಾ ಗಾಬರಿಯಾದರಂತೆ. ಯಾವ ಕ್ಷಣದಲ್ಲಾದರೂ ಅಡ್ಡಬರುವ ಕರೆ ಅಂದರೆ, ಮತ್ತೆ ಮಾಡಿ ತೋರಿಸಲಾಗದ ತಪ್ಪುಗಳು ಅಂತ ಅವರ ಭಯ. ಕೊನೆಗೆ ಒಪ್ಪಿ, ಅದರ ಮೇಲೇ ಪ್ರಬಂಧ ಬರೆದು 1959ರಲ್ಲಿ ಡಾಕ್ಟರೇಟ್ ಪಡೆದರು.

ಯಂತ್ರಕ್ಕೆ ಕಿವಿ ಬಂದರೆ ಸಾಲದು, ಪ್ರೋಗ್ರಾಂ ಬರೆಯುವವನಿಗೂ ಬರಬೇಕು. 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ ‘ಸೆಲೆಕ್ಟ್’ ಬಂತು: ಯಾರಾದರೂ ಮಾತಾಡುವವರೆಗೆ ಕಾಯಿ, ಇಷ್ಟು ಹೊತ್ತಾದರೂ ಯಾರೂ ಮಾತಾಡದಿದ್ದರೆ ಎದ್ದೇಳು. ಕಾಯುವುದೂ ಕೇಳುವುದೂ ಒಂದೇ ಕಡೆ. ನಾವು ಕಲಿತ ಟರ್ಬೋ ಸಿ, ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದದ್ದು. ಅದರಲ್ಲಿ ‘ಕೆಬಿಹಿಟ್’ ಇತ್ತು: ಕೀ ಒತ್ತಿದ್ದಾರಾ ಅಂತ ಇಣುಕಿ ನೋಡಿ ಮುಂದೆ ಹೋಗುವುದು. ಡಿಲೇ ನಡೆಯುವಾಗ ಕೀಬೋರ್ಡ್ ಕುಟ್ಟಿದರೆ ಪಿಸಿ ‘ಬೀಪ್’ ಅನ್ನುತ್ತಿದ್ದದ್ದು ನೆನಪಿದೆಯಾ? ಬಯಾಸ್‌ನ ಕೀಬೋರ್ಡ್ ಬಫರಿನಲ್ಲಿ 15 ಕೀಗಳಿಗಷ್ಟೇ ಜಾಗ. ಅದು ತುಂಬಿದ ಸದ್ದು ಅದು. ಇಂಟರಪ್ಟ್ ಪ್ರತಿ ಕೀಯನ್ನೂ ಕೇಳಿಸಿಕೊಂಡಿರುತ್ತಿತ್ತು, ನಮ್ಮ ಪ್ರೋಗ್ರಾಂ ಮಾತ್ರ ಎಣಿಸುತ್ತಾ ಕೂತಿರುತ್ತಿತ್ತು.

ಸುಟ್ಟ ಮೋಟರನ್ನು ಟೆಂಪೋದಲ್ಲಿ ಬೆಳಗಾವಿಗೆ ತಂದು ರಿವೈಂಡಿಂಗ್‌ಗೆ ಕೊಟ್ಟು, ಅದೇ ರಾತ್ರಿ ಕೋಡ್ ಬದಲಿಸಿದೆ. 40 ನಿಮಿಷದ ಒಂದು ಡಿಲೇ ತೆಗೆದು, ಟೈಮರಿನ ಸಣ್ಣ ಸಣ್ಣ ಟಿಕ್ ಎಣಿಸಿದೆ. ಸ್ಟಾಪ್ ಗುಂಡಿಯನ್ನು ಇಂಟರಪ್ಟ್ ಪಿನ್ನಿಗೆ ಜೋಡಿಸಿದೆ. ಒತ್ತಿದರೆ ಅದು ಒಂದು ಫ್ಲ್ಯಾಗ್ ಏರಿಸುತ್ತದೆ, ಪ್ರತಿ ಟಿಕ್‌ಗೂ ಲೂಪ್ ಅದನ್ನು ನೋಡುತ್ತದೆ, ಏರಿದ್ದರೆ ರಿಲೇ ಆಫ್. ಆ ಫ್ಲ್ಯಾಗಿಗೆ ‘ವೊಲಟೈಲ್’ ಅಂತ ಬರೆಯೋದನ್ನು ಮರೆಯಲಿಲ್ಲ. 1989ರ ಆನ್ಸಿ ಸಿ ಕೊಟ್ಟ ಪದ ಅದು. ಇಲ್ಲದಿದ್ದರೆ ಕಂಪೈಲರ್ ಹಳೇ ಬೆಲೆಯನ್ನೇ ನಂಬಿ ಕೂರಬಹುದು, ಮತ್ತೆ ಅದೇ ಕಿವುಡು.

ಸ್ಟಾರ್ಟರ್ ಮತ್ತೆ ಕೂರಿಸಿದ ದಿನ ಅಪ್ಪ ಪಂಪು ಶುರು ಮಾಡಿ, ಎರಡೇ ನಿಮಿಷಕ್ಕೆ ಗುಂಡಿ ಒತ್ತಿದರು. ನಿಂತಿತು. ಇನ್ನೊಮ್ಮೆ ಶುರು ಮಾಡಿ ಇನ್ನೊಮ್ಮೆ ಒತ್ತಿದರು. ಆಮೇಲೇ ಮನೆಗೆ ಬಂದದ್ದು.

ಈಗ ಆಫೀಸಿನಲ್ಲಿ ಜೂನಿಯರ್‌ಗಳ ಕೋಡ್ ನೋಡುವಾಗ ‘ಸ್ಲೀಪ್’ ಕಂಡರೆ ನಾನು ಅಪ್ಪನ ಪ್ರಶ್ನೆಯನ್ನೇ ಕೇಳ್ತೀನಿ: ನಡುವ ಹೇಳಿದ್ರ ಕೇಳ್ತದೋ ಇಲ್ಲೋ?