ಚಿತ್ತೆ ಮಳೆಯ ಹೊತ್ತು: ದಕ್ಷಿಣ ಒಳನಾಡಿನ ಅಕ್ಟೋಬರ್ ಸೆಕೆ, ಗುಡುಗುಮಳೆ ಮತ್ತು ಮಳೆಲೆಕ್ಕ

ಅಕ್ಟೋಬರ್ ತಿಂಗಳ ಜಿಗುಟು ಸೆಕೆಯನ್ನೂ ಇಳಿಹೊತ್ತಿನ ಗುಡುಗುಮಳೆಯನ್ನೂ ‘ಅಕಾಲಿಕ’ ಎನ್ನುವುದು ಈಚೆಗೆ ವಾಡಿಕೆಯಾಗಿದೆ. ದಕ್ಷಿಣ ಒಳನಾಡಿನ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಬೆಂಗಳೂರಿನ ಸುತ್ತಮುತ್ತ ವರ್ಷದ ಅತಿ ಹೆಚ್ಚು ಮಳೆಯ ತಿಂಗಳುಗಳು ಜೂನ್, ಜುಲೈ ಅಲ್ಲ; ಸೆಪ್ಟೆಂಬರ್ ಮತ್ತು ಅಕ್ಟೋಬರ್. ರೈತರು ಹಸ್ತೆ, ಚಿತ್ತೆ, ಸ್ವಾತಿ ಎಂದು ಎಣಿಸುವ ಮಳೆಗಳು ಇವೇ. ಈ ಮಳೆಗೆ ಕಾಲವಿದೆ. ಅದು ಬೀಳುವ ಹೊತ್ತನ್ನು ನಮ್ಮ ಲೆಕ್ಕ ಗಮನಿಸಿಲ್ಲ ಎಂಬುದು ಈ ಲೇಖನದ ವಾದ.

ಜುಲೈಯಲ್ಲಿ ಪಡುವಣ ಗಾಳಿ ಬಿರುಸಾಗಿರುತ್ತದೆ. ಮೋಡ ದಿನವಿಡೀ ಕವಿದಿದ್ದರೂ ಒಳನಾಡಿನಲ್ಲಿ ಎತ್ತರಕ್ಕೆ ಬೆಳೆಯುವುದು ಕಡಿಮೆ. ಬೀಳುವುದು ಜಡಿಮಳೆ, ಸೋನೆ. ಅಕ್ಟೋಬರ್ ಹೊತ್ತಿಗೆ ಆ ಗಾಳಿ ಸಡಿಲಗೊಂಡು, ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಮೂಡಣ ಗಾಳಿ ಬರತೊಡಗುತ್ತದೆ. ನೆಲ ಇನ್ನೂ ಹಸಿ, ಆಕಾಶ ಬೆಳಗ್ಗೆ ತಿಳಿ. ಬಿಸಿಲು ಏರಿದಂತೆ ನೆಲದ ನೀರು ಆವಿಯಾಗಿ ಕೆಳಗಿನ ಗಾಳಿಯಲ್ಲೇ ಸೇರಿಕೊಳ್ಳುತ್ತದೆ. ಬೆವರು ಆರದ ಆ ಸೆಕೆಯೇ ಸಂಜೆಯ ಮಳೆಯ ಬಂಡವಾಳ. ಮಧ್ಯಾಹ್ನದ ಮೇಲೆ ಈ ತೇವದ ಗಾಳಿ ಮೇಲೆದ್ದು, ಆವಿ ಹನಿಯಾಗುವಾಗ ಬಿಡುವ ಶಾಖದಿಂದ ಮತ್ತಷ್ಟು ಏರಿ, ಹತ್ತು ಕಿಲೋಮೀಟರ್‌ಗೂ ಮೀರಿದ ಮೋಡವಾಗುತ್ತದೆ. ಇಂಥ ಮೋಡದ ಮಳೆ ತೀರ ಸ್ಥಳೀಯ: ಒಂದೂರಿನ ಕೆರೆ ಕೋಡಿ ಬಿದ್ದರೆ ಪಕ್ಕದೂರಿನ ರಸ್ತೆಯಲ್ಲಿ ಧೂಳೂ ಅಡಗಿರುವುದಿಲ್ಲ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿಯಬಲ್ಲ ಆವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಈ ಮಳೆಯಲ್ಲಿ ಹೊಸತೇನಾದರೂ ಇದ್ದರೆ ಅದನ್ನು ಈ ಹೆಚ್ಚುವರಿ ಆವಿಯಲ್ಲಿ ಹುಡುಕಬೇಕು.

ಆದರೆ ದಿನದ ಲೆಕ್ಕಕ್ಕೆ ಮಳೆಮಾಪಕದ ನೀರನ್ನು ಅಳೆಯುವುದು ಬೆಳಗ್ಗೆ 8.30ಕ್ಕೆ. 14ರ ಸಂಜೆಯ ಗುಡುಗುಮಳೆ 15ರ ಹೆಸರಿನಲ್ಲಿ ದಾಖಲಾಗುತ್ತದೆ. ಅದು ಅರ್ಧ ಗಂಟೆಯಲ್ಲಿ ಸುರಿಯಿತೋ ರಾತ್ರಿಯಿಡೀ ಜಿನುಗಿತೋ ಆ ಅಂಕಿಯಿಂದ ತಿಳಿಯದು. ತಿಂಗಳ ಮೊತ್ತವಂತೂ ಇನ್ನೂ ಮೊಂಡು. 2005ರ ಅಕ್ಟೋಬರ್‌ನಲ್ಲಿ ಬೆಂಗಳೂರು ಕಂಡ 605.6 ಮಿ.ಮೀ. ದಾಖಲೆಯಲ್ಲಿ ಸ್ಥಳೀಯ ಗುಡುಗುಮಳೆಯ ಪಾಲೆಷ್ಟು, ಕೊಲ್ಲಿಯ ವಾಯುಭಾರ ಕುಸಿತದ ಪಾಲೆಷ್ಟು ಎಂಬುದು ಆ ಒಂದು ಅಂಕಿಯಲ್ಲಿ ಕಾಣುವುದಿಲ್ಲ.

ಹೊಲದಲ್ಲಿ ಹೊತ್ತೇ ಮುಖ್ಯ. ಜುಲೈಯಲ್ಲಿ ಬಿತ್ತಿದ ದೀರ್ಘಾವಧಿ ರಾಗಿ ಈಗ ತೆನೆಗಟ್ಟುತ್ತಿರುತ್ತದೆ. ನಡುಹಗಲಿನಲ್ಲಿ ನೆನೆದ ತೆನೆ ಬಿಸಿಲಿಗೆ ಆರುತ್ತದೆ. ಸಂಜೆ ಆರಕ್ಕೆ ನೆನೆದದ್ದು ಬೆಳಗಿನವರೆಗೂ ಹಸಿಯಾಗಿಯೇ ಉಳಿದು, ಕುತ್ತಿಗೆ ಬೆಂಕಿ ರೋಗದ ಶಿಲೀಂಧ್ರಕ್ಕೆ ಬೇಕಾದ ತೇವವನ್ನು ಒದಗಿಸುತ್ತದೆ. ಈ ಎರಡೂ ಮಳೆಗಳನ್ನು 20 ಮಿ.ಮೀ. ಎಂದಷ್ಟೇ ಬರೆದಿಟ್ಟರೆ ರೈತನಿಗಾದ ನಷ್ಟ ಮಳೆಲೆಕ್ಕದ ಪುಸ್ತಕದಲ್ಲಿ ಇರುವುದೇ ಇಲ್ಲ. ಬೆಳೆವಿಮೆಯ ಚರ್ಚೆಗಳಲ್ಲಿ ಈ ಅನ್ಯಾಯ ಬರಬೇಕಾದಷ್ಟು ಬಂದಿಲ್ಲ.

ಹಾಗೆಂದು, ಸೂರ್ಯನ ನಕ್ಷತ್ರ ಪ್ರವೇಶದಿಂದ ಎಣಿಸುವ ಮಳೆನಕ್ಷತ್ರಗಳನ್ನೇ ಅಳತೆಗೋಲಾಗಿಸಲೂ ಬರುವುದಿಲ್ಲ. ಭೂಮಿಯ ಅಕ್ಷದ ನಿಧಾನ ಓಲಾಟದ, ಅಂದರೆ ಅಯನಚಲನೆಯ, ಕಾರಣದಿಂದ ಈ ಪ್ರವೇಶ ಸುಮಾರು 71 ವರ್ಷಕ್ಕೊಂದು ದಿನದಂತೆ ಋತುವಿನಿಂದ ಹಿಂದೆ ಬೀಳುತ್ತದೆ. ಸಾವಿರ ವರ್ಷಕ್ಕೆ ಹದಿನಾಲ್ಕು ದಿನ, ಅಂದರೆ ಪೂರಾ ಒಂದು ಮಳೆ. ಇಂದು ಅಕ್ಟೋಬರ್ 10ರ ಸುಮಾರಿಗೆ ಹುಟ್ಟುವ ಚಿತ್ತೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಋತುಚಕ್ರದ ಇದೇ ಬಿಂದುವಿನಲ್ಲಿ ಹುಟ್ಟುತ್ತಿರಲಿಲ್ಲ.

ಹೊತ್ತಿನ ಲೆಕ್ಕಕ್ಕೆ ಸಾಮಗ್ರಿ ಈಗ ಕೈಗೆಟುಕುವಂತಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಹಸ್ತೆಯಿಂದ ಸ್ವಾತಿಯವರೆಗೆ ಮಧ್ಯಾಹ್ನ 2ರಿಂದ ರಾತ್ರಿ 8ರೊಳಗೆ ಬಿದ್ದ ಮಳೆಯನ್ನು ಪಂಚಾಯಿತಿವಾರು ಬೇರ್ಪಡಿಸಿ, ಅದೇ ದಿನದ ಬೆಳಗಿನ ತೇವಾಂಶದ ಜೊತೆಗೆ ಇಟ್ಟು ನೋಡುವ ಕೆಲಸವನ್ನು ರಾಗಿ ಸೀಮೆಯಿಂದಲೇ ಆರಂಭಿಸಬಹುದು.